ತೋಟದ ಟೀಗೆ ಹೋದಾಗ ಬಾಳೆಕಂದು ಕೇಳಬೇಡಿ

‘ಸಂಜೆ ನಮ್ಮ ತೋಟಕ್ಕೆ ಟೀಗೆ ಬನ್ನಿ’ ಎಂದು ಯಾರಾದರೂ ಕರೆದರೆ ನಮಗೆಲ್ಲ ಎಷ್ಟು ಸಂಭ್ರಮ, ಅಲ್ಲವೇ? ಎರಡು ಗಂಟೆ ಅಡಿಗೆಮನೆಯಿಂದ ಬಿಡುಗಡೆ. ಮರದ ನೆರಳಲ್ಲಿ ಹಾಸಿದ ಜಮಖಾನ, ತಟ್ಟೆಯ ತುಂಬ ಕೋಡುಬಳೆ, ನಿಪ್ಪಟ್ಟು, ಬಿಸಿಬಿಸಿ ಟೀ. ಆ ತೋಟ ನಂಜನಗೂಡಿನ ಕಡೆಯದಾದರೆ, ತಟ್ಟೆಯ ಪಕ್ಕದಲ್ಲಿ ಒಂದು ಚಿಪ್ಪು ರಸಬಾಳೆಯನ್ನೂ ಕಣ್ಣು ಹುಡುಕುತ್ತದೆ.

ಮೈಸೂರಿನಿಂದ ಹೋಗುವಾಗ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆ ಕಾಣುತ್ತದೆ. ಆಚೆಗೆ ನಂಜುಂಡೇಶ್ವರನ ಗೋಪುರ. ಈ ಸೀಮೆಯ ದೇವರಸನಹಳ್ಳಿಯ ಹೆಸರು ಕೇಳಿದರೆ ಹಿರಿಯರಿಗೆ ರಸಬಾಳೆಯ ಪರಿಮಳವೇ ನೆನಪಾಗುತ್ತದೆ. ತೆಳು ಸಿಪ್ಪೆ, ಬೆಣ್ಣೆಯಂಥ ತಿರುಳು, ಸಿಹಿಯೊಳಗೆ ಎಳ್ಳಷ್ಟು ಹುಳಿ. ಮೈಸೂರು ವೀಳ್ಯದೆಲೆ, ಕೊಡಗಿನ ಕಿತ್ತಳೆಗಳ ಹಾಗೆ ಇದಕ್ಕೂ 2005-06ರ ಸಾಲಿನಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೆಸರೇನೋ ಉಳಿಯಿತು, ತೋಟಗಳು ಮಾತ್ರ ಕರಗಿಹೋದವು.

ಏಕೆ ಗೊತ್ತೇ? ಪನಾಮಾ ಸೊರಗು ರೋಗ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಗಿಡದೊಳಗೆ ಹೋಗುತ್ತದೆ. ಕೆಳಗಿನ ಎಲೆಗಳ ಅಂಚು ಹಳದಿಯಾಗಿ, ತೊಟ್ಟು ಮುರಿದು, ಗಿಡದ ಸುತ್ತ ಲಂಗದ ಹಾಗೆ ಜೋತುಬೀಳುತ್ತವೆ. ದಿಂಡು ಸೀಳುತ್ತದೆ. ಕಡಿದು ನೋಡಿದರೆ ಒಳಗೆ ಕಾಚಿನ ಬಣ್ಣದ ಗೆರೆಗಳು. ಬಿದ್ದ ರೋಗಕ್ಕೆ ಮದ್ದಿಲ್ಲ. ಗಿಡ ಕಿತ್ತರೂ ಶಿಲೀಂಧ್ರ ಹತ್ತಾರು ವರ್ಷ ಮಣ್ಣಲ್ಲೇ ಕುಳಿತಿರುತ್ತದೆ. ಮಧ್ಯ ಅಮೆರಿಕದಲ್ಲಿ ‘ಗ್ರೋ ಮಿಶೆಲ್’ ಎಂಬ ಬಾಳೆಯ ದೊಡ್ಡ ದೊಡ್ಡ ತೋಟಗಳನ್ನು 1960ರ ಹೊತ್ತಿಗೆ ಮುಗಿಸಿದ್ದೂ ಇದೇ ರೋಗ.

ಇದರಲ್ಲಿ ನಮ್ಮ ತಪ್ಪೇನು ಎನ್ನುತ್ತೀರಾ? ಟೀ ಮುಗಿದು ಹೊರಡುವಾಗ ನಾವು ಆಡುವ ಮಾತು ನೆನಪಿಸಿಕೊಳ್ಳಿ.

‘ಅಕ್ಕಾ, ನಂಗೊಂದು ಕಂದು ಕೊಡ್ರಿ, ಹಿತ್ತಲಲ್ಲಿ ನೆಡ್ತೀನಿ.’

‘ಅಯ್ಯೋ, ಅದಕ್ಕೇನಂತೆ, ಎರಡು ತಗೊಂಡ್ಹೋಗಮ್ಮ!’

ಕೊಡುವವರ ಮನಸ್ಸೂ ದೊಡ್ಡದು, ಕೇಳುವವರ ಆಸೆಯೂ ಸಹಜ. ಆದರೆ ನೋಡಲು ಚೆನ್ನಾಗಿರುವ ಕಂದಿನ ಬೇರಿನಲ್ಲೂ ರೋಗ ಅಡಗಿರಬಹುದು. ಅದಕ್ಕೆ ಅಂಟಿದ ಮಣ್ಣಿನಲ್ಲಿ, ಅಗೆದ ಗುದ್ದಲಿಯಲ್ಲಿ, ಹರಿಯುವ ನೀರಿನಲ್ಲಿ ಅದು ಊರಿಂದೂರಿಗೆ ಹೋಗುತ್ತದೆ. ಕಪಿಲೆ ನಂಜನಗೂಡು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಮ್ಮ ಹೆಣ್ಣುಮಕ್ಕಳ ತವರು, ಅತ್ತೆಮನೆಗಳ ಓಡಾಟವೂ ಈ ಎರಡು ಊರುಗಳ ನಡುವೆ ಇದ್ದೇ ಇದೆ. ತವರಿನ ಪ್ರೀತಿಯ ಕಂದು ಅತ್ತೆಮನೆಯ ತೋಟಕ್ಕೆ ಮೃತ್ಯುವಾಗಬಾರದಲ್ಲ!

ಹಾಗಾದರೆ ಏನು ಮಾಡೋಣ? ನೆಡುವ ಆಸೆಯಿದ್ದರೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಅಂಗಾಂಶ ಕೃಷಿಯ ರೋಗವಿಲ್ಲದ ಸಸಿ ತನ್ನಿ. ಬಾಳೆ ಸೊರಗಿ ಸತ್ತ ಜಾಗದಲ್ಲಿ ಮಾತ್ರ ಅದನ್ನೂ ನೆಡಬೇಡಿ; ಅದಕ್ಕೂ ರೋಗ ತಗಲುತ್ತದೆ. ತೋಟದಿಂದ ಬರುವಾಗ ಚಪ್ಪಲಿಯ ಮಣ್ಣನ್ನು ಅಲ್ಲೇ ಕೆರೆದು ತೊಳೆಯಿರಿ. ಕಂದಿನ ಬದಲು ಹಣ್ಣು ಕೇಳಿ, ಸಾಧ್ಯವಾದರೆ ದುಡ್ಡು ಕೊಟ್ಟು ತನ್ನಿ. ಕೊಳ್ಳುವವರಿದ್ದರೆ ತಾನೆ ಬೆಳೆಯುವವರಿಗೆ ಧೈರ್ಯ?

ತಂದ ಹಣ್ಣಿಗೆ ರಸಾಯನವೇ ಸರಿ. ಆರು ಹಣ್ಣುಗಳನ್ನು ಬಿಲ್ಲೆಯಾಗಿ ಹೆಚ್ಚಿ. ಅರ್ಧ ಬಟ್ಟಲು ಪುಡಿಬೆಲ್ಲವನ್ನು ಒಂದು ಬಟ್ಟಲು ಗಟ್ಟಿ ತೆಂಗಿನಹಾಲಿನಲ್ಲಿ ಕರಗಿಸಿ ಸೋಸಿ. ಹಣ್ಣು ಬೆರೆಸಿ, ಎರಡು ಏಲಕ್ಕಿ ಪುಡಿಮಾಡಿ ಹಾಕಿ. ಒಲೆಯ ಮೇಲೆ ಇಡಬೇಡಿ. ಹತ್ತು ನಿಮಿಷ ಬಿಟ್ಟು ಬಡಿಸಿ.

ಮುಂದಿನ ಸಲ ತೋಟದಾಕೆ ಪ್ರೀತಿಯಿಂದ ಕಂದು ಕೊಡಲು ಬಂದರೆ, ‘ಬೇಡಕ್ಕಾ, ಎರಡು ಹಣ್ಣು ಕೊಡಿ ಸಾಕು’ ಎನ್ನಿ. ಏಕೆಂದು ಆಕೆಗೂ ತಿಳಿಸಿ. ನಮ್ಮ ಮೊಮ್ಮಕ್ಕಳೂ ಒಂದು ಸಂಜೆ ಆ ತೋಟದಲ್ಲಿ ಕೂತು ರಸಬಾಳೆ ಸುಲಿಯಬೇಕಲ್ಲವೇ?