ಒಲೆಗೆ ಹೋಗುವ ಕುಳ್ಳು, ಬಚ್ಚಲಿಗೆ ಹೋಗುವ ನೀರು



ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೀವೆಲ್ಲರೂ ನೋಡಿದ್ದೀರಿ. ಗಾಳಿಯಿಂದ ಕರೆಂಟು ಹುಟ್ಟುತ್ತದೆ, ಹೊಗೆ ಇಲ್ಲ, ಬೂದಿ ಇಲ್ಲ. ಅದೇ ಸೀಮೆಯ ರಾಜೂರ ಮತ್ತು ಸುತ್ತಲಿನ ಊರುಗಳಲ್ಲಿ ಮುಂಜಾನೆ ಸಂಘದ ಸದಸ್ಯರ ಮನೆಗೆ ಹೋದರೆ ಅಡುಗೆಮನೆಯಲ್ಲಿ ಕಣ್ಣು ಬಿಡಲಾಗದಷ್ಟು ಹೊಗೆ. "ಗ್ಯಾಸ್ ಐತೆಲ್ಲವ್ವಾ?" ಎಂದು ಕೇಳಿದರೆ, "ಐತ್ರಿ ಸಿಸ್ಟರ್, ಚಾಕ್ಕಷ್ಟ ಹಚ್ತೇವ್ರಿ. ರೊಟ್ಟಿ, ಜಳಕದ ನೀರು ಎಲ್ಲಾ ಒಲಿ ಮ್ಯಾಲ" ಎನ್ನುತ್ತಾರೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಸಿಲಿಂಡರ್ ಬಂತು, ಆದರೆ ಒಲೆ ಹೋಗಲಿಲ್ಲ. ಸಿಲಿಂಡರ್ ತುಂಬಿಸಲು ಕೊಡುವ ರೊಕ್ಕದ ಮುಂದೆ ಹೊಲದಿಂದ ಪುಕ್ಕಟೆ ಬರುವ ಹತ್ತಿಕಟ್ಟಿಗೆಯೇ ಗೆಲ್ಲುತ್ತದೆ.

ಪರಿಸರ ಉಳಿಸಿ ಎಂದು ನಾವು ಜಾಥಾ ಮಾಡಿದ್ದೇವೆ, ಗೋಡೆಗೆ ಬರೆಸಿದ್ದೇವೆ. ಅದರಿಂದ ಯಾರ ಮನೆಯ ಹೊಗೆಯೂ ಕಡಿಮೆ ಆಗಲಿಲ್ಲ. ಅದಕ್ಕೇ ಈ ಸಲ ಹೆಣ್ಣುಮಕ್ಕಳ ಕೈಯಲ್ಲೇ ಇರುವ ಎರಡು ವಿಷಯ ಮಾತ್ರ ಬರೆಯುತ್ತೇವೆ: ಒಲೆ ಮತ್ತು ನೀರು.

ಒಲೆಯ ಹೊಗೆ ಬರೀ ಕಣ್ಣು ಉರಿಸುವ ಹೊಗೆಯಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ದಮ್ಮು, ಎದೆಯ ಕಾಯಿಲೆ, ಸಣ್ಣ ಮಕ್ಕಳಿಗೆ ನ್ಯುಮೋನಿಯಾ ಇದರಿಂದ ಬರುತ್ತವೆ. ಕಂಕುಳಲ್ಲಿ ಕೂಸನ್ನು ಹಿಡಿದು ಒಲೆ ಊದುವ ತಾಯಿ ಇಬ್ಬರ ಪಾಲಿನ ಹೊಗೆಯನ್ನೂ ಮನೆಯಲ್ಲೇ ಮಾಡುತ್ತಾಳೆ. ಇನ್ನೊಂದು ಮಾತು. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲ, ಹಾಲಿನ ಪಾಕೀಟು ಹಾಕುವ ರೂಢಿ ಬೆಳೆದಿದೆ. ಆ ಹೊಗೆ ಕಟ್ಟಿಗೆಯ ಹೊಗೆಗಿಂತ ಕೆಟ್ಟದ್ದು. ದಯವಿಟ್ಟು ಇವತ್ತೇ ಬಿಡಿರಿ.

ಹೊಗೆರಹಿತ ಒಲೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಅಲ್ಲಿ 1980ರ ದಶಕದ ಮೊದಲಿಗೆ ರೂಪಿಸಿದ್ದೇ ಅಸ್ತ್ರ ಒಲೆ. ಅದಕ್ಕೆ ಮೂರು ಗುಂಡಿ. ಕಟ್ಟಿಗೆ ಜಾಲರಿಯ ಮೇಲೆ ಉರಿಯುತ್ತದೆ, ಕೆಳಗಿನಿಂದ ಗಾಳಿ ಬರುತ್ತದೆ, ಬಿಸಿ ಮೂರು ಪಾತ್ರೆಗಳ ಬುಡ ಸವರಿಕೊಂಡು ಚಿಮಣಿಯಿಂದ ಹೊರಗೆ ಹೋಗುತ್ತದೆ. ಬಯಲು ಒಲೆಯಲ್ಲಿ ಬಿಸಿಯ ದೊಡ್ಡ ಪಾಲು ಸುಮ್ಮನೆ ಗೋಡೆ ಕಾಯಿಸಿ ಹೋಗುತ್ತದೆ, ಇದರಲ್ಲಿ ಅಡುಗೆಗೆ ತಾಗುತ್ತದೆ.

ನಾವು ಇದನ್ನು ಕಲಿತು ಬಂದು ಉತ್ಸಾಹದಿಂದ ಸಂಘಗಳಲ್ಲಿ ಹೇಳಿ ಒಂದಿಷ್ಟು ಮನೆಗಳಲ್ಲಿ ಕಟ್ಟಿಸಿದೆವು. ವರ್ಷ ಬಿಟ್ಟು ನೋಡಲು ಹೋದರೆ ಹಲವು ಮನೆಗಳಲ್ಲಿ ಒಲೆಯ ಮೇಲೆ ಡಬ್ಬಿ ಜೋಡಿಸಿಟ್ಟಿದ್ದರು, ಮಗ್ಗುಲಲ್ಲಿ ಹಳೇ ಒಲೆ ಉರಿಯುತ್ತಿತ್ತು. ನಮಗೆ ಸಿಟ್ಟು ಬಂತು. ಒಬ್ಬ ಹಿರಿಯ ತಾಯಿ ಸಮಾಧಾನದಿಂದ, "ಒಲಿ ಚಲೋ ಐತ್ರಿ, ಆದ್ರ ರೊಟ್ಟಿ ಉಬ್ಬಂಗಿಲ್ರೀ" ಎಂದರು. ಜೋಳದ ರೊಟ್ಟಿಗೆ ಅಗಲ ಹಂಚು ಬೇಕು, ಹಂಚಿನಿಂದ ತೆಗೆದ ಮೇಲೆ ಕೆಂಡದ ಮುಂದೆ ನಿಲ್ಲಿಸಬೇಕು. ನಾವು ಕಟ್ಟಿಸಿದ ಒಲೆಯ ಬಾಯಿ ಸಣ್ಣದು, ಗುಂಡಿ ಅನ್ನದ ಪಾತ್ರೆಯ ಅಳತೆಯದು. ತಪ್ಪು ಹೆಣ್ಣುಮಕ್ಕಳದಲ್ಲ, ಕಟ್ಟುವ ಮುಂಚೆ ಒಬ್ಬರಿಗೂ ಹಂಚು ತೋರಿಸವ್ವಾ ಎಂದು ಕೇಳದ ನಮ್ಮದು. ಅಷ್ಟೇ ಅಲ್ಲ, ಚಿಮಣಿಯಲ್ಲಿ ಮಸಿ ಕಟ್ಟುತ್ತದೆ, ತಿಂಗಳಿಗೊಮ್ಮೆ ತೆಗೆಯಬೇಕು ಎಂಬುದನ್ನೂ ಸರಿಯಾಗಿ ಹೇಳಿರಲಿಲ್ಲ. ಮಸಿ ಕಟ್ಟಿದ ಚಿಮಣಿ ಹೊಗೆಯನ್ನು ಮನೆಯೊಳಗೇ ತಿರುಗಿ ಬಿಡುತ್ತದೆ.

ಆದ್ದರಿಂದ ಈಗ ನಾವು ಹೇಳುವುದು ಬೇರೆ. ಸಂಘದಿಂದ ಸಾಲ ಎತ್ತಿ ಒಲೆ ಕಟ್ಟಿಸುವುದಾದರೆ ಕಟ್ಟುವವನ ಮುಂದೆ ನಿಮ್ಮ ಹಂಚನ್ನು, ದೊಡ್ಡ ಬೋಗುಣಿಯನ್ನು ಇಟ್ಟು ಅಳತೆ ತೆಗೆಸಿರಿ. ಮೊದಲು ಒಂದೇ ಮನೆಯಲ್ಲಿ ಕಟ್ಟಿಸಿ, ಸಂಘದವರೆಲ್ಲ ಕೂಡಿ ಅದರ ಮೇಲೆ ರೊಟ್ಟಿ ಬಡಿದು ನೋಡಿರಿ. ಉಬ್ಬಿದರೆ ಎರಡನೆಯದು.

ಒಲೆ ಬದಲಿಸದೆಯೂ ಉರುವಲು ಉಳಿಸಬಹುದು. ಹಸಿ ಕಟ್ಟಿಗೆ ಹಚ್ಚಬೇಡಿ, ಅದರೊಳಗಿನ ನೀರು ಆರಿಸಲಿಕ್ಕೇ ಒಂದಿಷ್ಟು ಉರಿ ಹೋಗುತ್ತದೆ. ಬೇಳೆ, ಕಾಳು ನೆನೆಯಿಟ್ಟು, ಮುಚ್ಚಳ ಮುಚ್ಚಿ ಬೇಯಿಸಿರಿ. ಅನ್ನಕ್ಕೆ ಇನ್ನೊಂದು ಉಪಾಯ ಇದೆ. ದೊಡ್ಡ ಬುಟ್ಟಿಯಲ್ಲಿ ಒಣ ಹೊಟ್ಟು ತುಂಬಿ, ನಡುವೆ ಹಳೇ ಕೌದಿ ಹಾಸಿರಿ. ಅನ್ನ ಐದಾರು ನಿಮಿಷ ಕುದಿ ಬಂದ ಮೇಲೆ ಪಾತ್ರೆ ಮುಚ್ಚಿ ಅದರಲ್ಲಿಟ್ಟು ಮೇಲೆ ಕೌದಿ ಹೊದಿಸಿಬಿಡಿ. ಒಂದು ತಾಸಿಗೆ ತನ್ನಷ್ಟಕ್ಕೆ ತಾನೇ ಬೆಂದಿರುತ್ತದೆ. ಮೊದಲ ಸಲ ಕೇಳಿದವರು ನಗುತ್ತಾರೆ, ಮಾಡಿದವರು ನಗುವುದಿಲ್ಲ. ಖಡಕ್ ರೊಟ್ಟಿಯೂ ಇದೇ ಜಾಣತನ ಅಲ್ಲವೇ? ಒಮ್ಮೆ ಒಲೆ ಹಚ್ಚಿ ಬಡಿದಿಟ್ಟರೆ ಎಷ್ಟೋ ದಿನ ಮತ್ತೆ ಹಂಚು ಕಾಯಿಸುವ ಕೆಲಸವಿಲ್ಲ. ಇದನ್ನು ನಾವು ನಿಮಗೆ ಕಲಿಸಬೇಕಾಗಿಲ್ಲ.

ಇನ್ನು ಕುಳ್ಳಿನ ವಿಷಯ. ಸೆಗಣಿ ತಟ್ಟಿ ಸುಟ್ಟರೆ ಅದರಲ್ಲಿನ ಸಾರಜನಕ ಹೊಗೆಯಾಗಿ ಹೋಗುತ್ತದೆ, ಉಳಿಯುವುದು ಬೂದಿ. ಆಮೇಲೆ ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ರೊಕ್ಕ ಕೊಟ್ಟು ತರುತ್ತೇವೆ. ಒಲೆಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಹಚ್ಚಿ, ಸೆಗಣಿಯನ್ನು ತಿಪ್ಪೆಗೆ ಹಾಕಿ. ಎರಡು ಮೂರು ದನ ಇದ್ದ ಮನೆಗೆ ಗೋಬರ್ ಗ್ಯಾಸ್ ಚಲೋ. ಒಂದು ಘನ ಮೀಟರಿನ ಸಣ್ಣ ಘಟಕಕ್ಕೆ ದಿನಕ್ಕೆ ಸುಮಾರು 25 ಕೆ.ಜಿ. ಸೆಗಣಿ, ಅಷ್ಟೇ ನೀರು ಬೇಕು. ಉರಿಯೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ. ಅಕ್ಕಿ, ಬೇಳೆ ತೊಳೆದ ನೀರು ನಡೆಯುತ್ತದೆ, ಸೋಪಿನ ನೀರು ಬೇಡ. ದನ ಮಾರುವ ವಿಚಾರ ಇದ್ದವರು ಮಾತ್ರ ಕಟ್ಟಿಸಬೇಡಿ. ಸೆಗಣಿ ಇಲ್ಲದೆ ಬರೀ ಗುಂಡಿಯಾಗಿ ಉಳಿದ ಘಟಕಗಳನ್ನೂ ನೋಡಿದ್ದೇವೆ.

ನೀರಿಗೆ ಬರೋಣ. ನಮ್ಮ ಗದಗ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ. ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಿದ್ದರೆ ದೊಡ್ಡವರ ಮೊಣಕಾಲು, ಬೆನ್ನು ಬಿಗಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಮಳೆ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸೂಡಿಯ ನಾಗಕುಂಡ ನೋಡಿದವರಿಗೆ ಗೊತ್ತು, ಚಾಲುಕ್ಯರ ಕಾಲದವರು ಕಲ್ಲಿನ ಮೆಟ್ಟಿಲು ಕಟ್ಟಿ ನೀರನ್ನು ಎಷ್ಟು ಜತನ ಮಾಡಿದ್ದರು ಎಂಬುದು. ನಮಗೆ ಅಷ್ಟು ದೊಡ್ಡದೇನೂ ಬೇಡ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಅಡಿಗೆ 15 ಅಡಿಯ ಛಾವಣಿ ಎಂದರೆ ಸುಮಾರು 28 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಐದರಲ್ಲಿ ಒಂದು ಪಾಲು ಹಾಳಾಯಿತೆಂದು ಹಿಡಿದರೂ 13,000 ಲೀಟರ್, ಅಂದರೆ 850 ಕೊಡಕ್ಕಿಂತ ಹೆಚ್ಚು. ಎಲ್ಲವನ್ನೂ ಹಿಡಿಯಲು ಆಗದು. ಸಾವಿರ ಲೀಟರಿನ ಒಂದು ಟಾಕಿ ಇದ್ದರೆ, ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ 40 ದಿನ ಸಾಕು. ಆದರೆ ಮಣ್ಣಿನ ಮಾಳಿಗೆಯ ನೀರು ಕುಡಿಯಲಿಕ್ಕೆ ಬರುವುದಿಲ್ಲ, ಸಿಮೆಂಟ್ ಛಾವಣಿ ಇಲ್ಲವೇ ತಗಡು ಬೇಕು. ಮೊದಲ ಒಂದೆರಡು ಮಳೆಯ ನೀರು ಹೊರಗೆ ಬಿಡಿ, ಆಮೇಲೆ ಬಟ್ಟೆ ಕಟ್ಟಿ ಹಿಡಿಯಿರಿ, ಟಾಕಿಗೆ ಬೆಳಕು ಬೀಳದಂತೆ ಮುಚ್ಚಿ, ಕುದಿಸಿ ಕುಡಿಯಿರಿ.

ಬಚ್ಚಲ ನೀರಿಗೆ ಇಂಗುಗುಂಡಿ ಮಾಡಿ ಎಂದು ಎಲ್ಲಾ ಕಡೆ ಹೇಳುತ್ತಾರೆ. ಮಸಾರಿ ನೆಲದಲ್ಲಿ ಇಂಗುತ್ತದೆ. ರೋಣ, ನರಗುಂದದ ಎರಿ ಮಣ್ಣು ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಗುಂಡಿ ಸೊಳ್ಳೆಯ ಮನೆಯಾಗುತ್ತದೆ. ಅಂಥ ಕಡೆ ಉದ್ದಕ್ಕೆ ಸಣ್ಣ ಕಾಲುವೆ ತೆಗೆದು ಬಾಳೆ, ನುಗ್ಗೆ ಹಚ್ಚುವುದೇ ಉತ್ತಮ. ಕೊತ್ತಂಬರಿ, ಮೆಂತ್ಯಕ್ಕೆ ಸೋಪಿನ ನೀರು ಹಾಯಿಸಬೇಡಿ.

ಕರೆಂಟಿನ ಬಗ್ಗೆ ಒಂದೇ ಮಾತು. 60 ವ್ಯಾಟಿನ ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯುನಿಟ್, 9 ವ್ಯಾಟಿನ ಎಲ್‌ಇಡಿಗೆ ಒಂದೂವರೆಯೂ ಆಗದು.

ಮುಂದಿನ ವಾರದ ಸಭೆಗೆ ಬರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿರಿ. ಏಳು ದಿನ ಒಲೆಗೆ ಹಾಕಿದ ಕಟ್ಟಿಗೆ ಎಷ್ಟು ಹೊರೆ, ಕುಳ್ಳು ಎಷ್ಟು, ಅದನ್ನು ಆರಿಸಿ ತರಲು ಎಷ್ಟು ತಾಸು ಹೋಯಿತು ಎಂದು ಬರೆದಿಡಿ. ಬರೆಯಲು ಬಾರದವರು ಗೋಡೆಗೆ ಇದ್ದಿಲಿನಿಂದ ಗೀಟು ಹಾಕಿದರೂ ಆದೀತು. ಉಳಿತಾಯದ ಪುಸ್ತಕದ ಕೊನೆಯ ಹಾಳೆಯಲ್ಲಿ ಎಲ್ಲರ ಲೆಕ್ಕ ಬರೆದುಕೊಳ್ಳೋಣ. ಹಂಚಿನ ಅಳತೆಯನ್ನೂ ಮರೆಯದೆ ತನ್ನಿರಿ, ಈ ಸಲ ನಾವು ಟೇಪು ಹಿಡಿದೇ ಬರುತ್ತೇವೆ.