ಆಸ್ಪತ್ರೆಯ ಹಾಸಿಗೆಯೂ ಒಂದು ಅಮಾನತ್ತು

ಇಶಾ ನಮಾಝ್ ಮುಗಿಸಿ ಮದ್ರಸದ ಬಾಗಿಲು ಹಾಕುವ ಹೊತ್ತಿಗೆ ಫೋನ್ ಬಂತು. "ಉಸ್ತಾದರೇ, ಉಮ್ಮನಿಗೆ ಉಸಿರಾಡ್ಲಿಕ್ಕೆ ಕಷ್ಟ ಆಗ್ತಾ ಉಂಟು. ಇಲ್ಲಿ ಬೆಡ್ ಖಾಲಿ ಇಲ್ಲ ಅಂತಾರೆ. ಎಂತ ಮಾಡುವುದು?" ನಮ್ಮ ಮಹಲ್ಲಿನ ಯುವಕ. ನಾವು ಆ ಸರಕಾರಿ ಆಸ್ಪತ್ರೆಗೆ ತಲುಪುವಾಗ ತಾಯಿಗೆ ಸ್ಟ್ರೆಚರಿನಲ್ಲೇ ಆಕ್ಸಿಜನ್ ಕೊಟ್ಟಿದ್ದರು. ರಾತ್ರಿ ಇಡೀ ಅವರು ಅದರಲ್ಲೇ ಇದ್ದರು. ವಾರ್ಡಿನಲ್ಲಿ ಹಾಸಿಗೆ ಸಿಕ್ಕಿದ್ದು ಮರುದಿನ ಹನ್ನೊಂದು ಗಂಟೆಗೆ.

ಆ ಹಾಸಿಗೆಯಿಂದ ಎದ್ದು ಮನೆಗೆ ಹೊರಟವರನ್ನು ಕಂಡು ನಾವು ತಲೆ ತಗ್ಗಿಸಿದೆವು. ಅವರೂ ನಮ್ಮ ಮಹಲ್ಲಿನ ಅಜ್ಜಿಯೇ. ಮಗ ಗಲ್ಫಿನಲ್ಲಿ, ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಎರಡು ದಿನದ ಹಿಂದೆಯೇ ಡಾಕ್ಟರು ಡಿಸ್ಚಾರ್ಜ್ ಬರೆದಿದ್ದರು. "ಶುಕ್ರವಾರದ ತನಕ ಇಲ್ಲೇ ಇರಲಿ ಡಾಕ್ಟ್ರೇ" ಎಂದು ಫೋನ್ ಮಾಡಿ ಕೇಳಿಕೊಂಡವರು ನಾವೇ. ಉಪಕಾರ ಮಾಡಿದೆವು ಎಂದು ಅಂದುಕೊಂಡಿದ್ದೆವು. ಇನ್ನೊಬ್ಬ ಉಮ್ಮ ಅದಕ್ಕಾಗಿ ರಾತ್ರಿ ಕಳೆಯಬೇಕಾದೀತು ಎಂದು ಹೊಳೆದೇ ಇರಲಿಲ್ಲ.

ಒಂದು ದಿನದ ಲೆಕ್ಕ

ಮದ್ರಸದ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಒಂದು ವಾರ್ಡಿನಲ್ಲಿ 30 ಹಾಸಿಗೆ ಇವೆ ಎಂದಿಟ್ಟುಕೊಳ್ಳಿ. ಪ್ರತಿ ರೋಗಿ ಸರಾಸರಿ 6 ದಿನ ಇದ್ದರೆ 30 ದಿನದ ತಿಂಗಳಲ್ಲಿ 150 ಮಂದಿಗೆ ಜಾಗ ಸಿಗುತ್ತದೆ. ಅದೇ 5 ದಿನ ಆದರೆ 180 ಮಂದಿಗೆ. ಹೊಸ ಮಂಚ ಒಂದೂ ಬಂದಿಲ್ಲ, ಆದರೂ 30 ಮಂದಿಗೆ ಹೆಚ್ಚು ಚಿಕಿತ್ಸೆ.

ಇನ್ನೊಂದು ವಿಷಯ. ಆಸ್ಪತ್ರೆಯ ಎಲ್ಲ ಹಾಸಿಗೆ ತುಂಬಿದ್ದರೆ ನಡುರಾತ್ರಿ ಬರುವ ಅಪಘಾತದ ರೋಗಿಗೆ ಜಾಗ ಎಲ್ಲಿ? ಅದಕ್ಕೇ ಕೆಲವಾದರೂ ಖಾಲಿ ಇರಬೇಕು. ನೂರರಲ್ಲಿ ಸುಮಾರು 85 ಹಾಸಿಗೆ ತುಂಬಿದರೆ ಒತ್ತಡ ಶುರು ಎಂಬ ಲೆಕ್ಕವನ್ನು ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿ ಬಳಸುತ್ತಾರೆ.

ಬೆಡ್ ಅಂದರೆ ಬರೀ ಕಬ್ಬಿಣದ ಮಂಚವೂ ಅಲ್ಲ. ಅದರ ಹಿಂದೆ ನರ್ಸ್ ಬೇಕು, ಡಾಕ್ಟರು ಬೇಕು, ಆಕ್ಸಿಜನ್ ಬೇಕು. ಗಂಡಸರ ವಾರ್ಡಿನಲ್ಲಿ ಖಾಲಿ ಇದ್ದರೆ ಹೆಂಗಸಿಗೆ ಪ್ರಯೋಜನವಿಲ್ಲ. ಐಸಿಯು ಬೇಕಾದವರಿಗೆ ಸಾಮಾನ್ಯ ಹಾಸಿಗೆ ಸಾಲದು. "ಅಲ್ಲಿ ಖಾಲಿ ಉಂಟಲ್ಲ, ಯಾಕೆ ಕೊಡುವುದಿಲ್ಲ?" ಎಂದು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವ ಮೊದಲು ಇದನ್ನು ತಿಳಿದಿರಬೇಕು.

ಹಾಗೆಂದು ಸರಕಾರದ ಹೊಣೆ ಕಡಿಮೆಯಾಗುವುದಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು, 905 ಹಾಸಿಗೆಗಳದ್ದು. ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಉಡುಪಿ, ಕೊಡಗು, ಚಿಕ್ಕಮಗಳೂರು, ಕಾಸರಗೋಡಿನ ಬಡವರೂ ಅಲ್ಲಿಗೇ ಬರುತ್ತಾರೆ. ಚಿಕಿತ್ಸೆಗೆ ಗಡಿಯಾಚೆಯವರು ಮಂಗಳೂರನ್ನು ಎಷ್ಟು ನಂಬಿದ್ದಾರೆ ಎಂಬುದು 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಎಲ್ಲರಿಗೂ ಗೊತ್ತಾಯಿತು. ಸಾವಿರ ಜನರಿಗೆ 2 ಹಾಸಿಗೆ ಇರಬೇಕು ಎಂಬುದು 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಗುರಿ. ತಾಲೂಕು ಆಸ್ಪತ್ರೆಯಲ್ಲೇ ಹಾಸಿಗೆ, ಡಾಕ್ಟರು, ನರ್ಸ್ ಸಾಕಷ್ಟು ಇದ್ದರೆ ಎಲ್ಲರೂ ಮಂಗಳೂರಿಗೆ ಓಡಬೇಕಾಗಿಲ್ಲ. ಅದನ್ನು ಕೇಳುವುದು ನಮ್ಮ ಹಕ್ಕು.

ನಮ್ಮ ಪರಂಪರೆ ಏನು ಹೇಳುತ್ತದೆ?

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಇಬ್ನು ಮುಆದ್ (ರ.ಅ.) ಅವರಿಗಾಗಿ ಪ್ರವಾದಿಯವರು (ಸ.ಅ.) ಮದೀನಾದ ಮಸೀದಿಯಲ್ಲೇ ಡೇರೆ ಹಾಕಿಸಿದ್ದರು, ಹತ್ತಿರದಿಂದ ನೋಡಿಕೊಳ್ಳಲು. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ವಕ್ಫ್ ಆಸ್ತಿಯ ಬಲದಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದರು. ಅಲ್ಲಿ ಗುಣವಾಗಿ ಹೊರಡುವ ರೋಗಿಗೆ ಬಟ್ಟೆ ಮತ್ತು ಖರ್ಚಿಗೆ ಹಣ ಕೊಡುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಹಾಸಿಗೆ ಬಿಟ್ಟ ಮೇಲೆ ರೋಗಿಯ ಗತಿ ಏನು ಎಂದು ಅವರು ಆಗಲೇ ಯೋಚಿಸಿದ್ದರು.

ದೂರ ಯಾಕೆ, ಪಕ್ಕದ ಕೇರಳವನ್ನೇ ನೋಡಿ. ಹಾಸಿಗೆ ಹಿಡಿದವರ ಮನೆಗೆ ಊರಿನ ಸ್ವಯಂಸೇವಕರೂ ನರ್ಸ್‌ಗಳೂ ಹೋಗಿ ಆರೈಕೆ ಮಾಡುವ ಪದ್ಧತಿ ಮಲಪ್ಪುರಂ, ಕೋಝಿಕ್ಕೋಡ್ ಕಡೆ ಬೆಳೆಯಿತು. 2008ರಲ್ಲಿ ಅಲ್ಲಿನ ಸರಕಾರ ಅದಕ್ಕೆ ನೀತಿಯನ್ನೇ ತಂದಿತು.

ನಮ್ಮ ಮಹಲ್ಲುಗಳಲ್ಲಿ ಆಂಬ್ಯುಲೆನ್ಸ್ ಉಂಟು, ರಕ್ತ ಕೊಡುವ ಯುವಕರಿದ್ದಾರೆ, ಆಸ್ಪತ್ರೆ ಬಿಲ್ಲಿಗೆ ಸಹಾಯ ಮಾಡುವವರಿದ್ದಾರೆ. ಎಲ್ಲವೂ ರೋಗಿಯನ್ನು ಆಸ್ಪತ್ರೆಗೆ ಸೇರಿಸುವ ತನಕ. ಮನೆಗೆ ತರುವ ವ್ಯವಸ್ಥೆ ಎಲ್ಲಿ? ಡಿಸ್ಚಾರ್ಜ್ ಬರೆದ ದಿನವೇ ಕರೆದುಕೊಂಡು ಬರಲು ಒಂದು ಗಾಡಿ, ಮಸೀದಿಯಲ್ಲಿ ಒಂದು ಮಡಚುವ ಮಂಚ, ವಾಕರ್, ಗಾಲಿಕುರ್ಚಿ, ಒಂಟಿ ಇರುವವರ ಮನೆಗೆ ಒಂದು ವಾರ ಸರದಿಯಲ್ಲಿ ಊಟ. ಇಷ್ಟು ಜಮಾಅತಿನಿಂದ ಆಗದ ಕೆಲಸವಲ್ಲ. ಆದರೆ ಪೂರ್ತಿ ಗುಣವಾಗದವರನ್ನು ಅವಸರದಿಂದ ಕರೆತರಬಾರದು. ಅದನ್ನು ತೀರ್ಮಾನಿಸಬೇಕಾದವರು ಡಾಕ್ಟರು.

ರೋಗಿಯನ್ನು ನೋಡಲು ಹೋಗುವುದು ಸುನ್ನತ್ತು. ಹತ್ತು ಮಂದಿ ಒಟ್ಟಿಗೆ ಹೋಗಿ ಪಕ್ಕದ ರೋಗಿಯ ನಿದ್ದೆ ಕೆಡಿಸುವುದು ಸುನ್ನತ್ತಲ್ಲ. ದುಆ ಮಾಡಿ ಬೇಗ ಹೊರಡೋಣ.

ಮನೆಯವರು ತಿಳಿದಿರಬೇಕಾದ್ದು

ತುರ್ತು ಇದ್ದರೆ 108ಕ್ಕೆ ಕರೆ ಮಾಡಿ, ಸಲಹೆಗೆ 104. ಬೆಡ್ ಇಲ್ಲ ಎಂದರೆ ತಕ್ಷಣ ಗಾಡಿ ತಿರುಗಿಸಬೇಡಿ. ಮೊದಲು ಪ್ರಥಮ ಚಿಕಿತ್ಸೆ ಕೊಡಲು ಕೇಳಿ, ಯಾವ ಬೆಡ್ ಇಲ್ಲ ಎಂದು ಕೇಳಿ, ಬೇರೆಡೆಗೆ ಹೋಗಬೇಕಾದರೆ ರೆಫರಲ್ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಉಂಟು. ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರಕಾರಿ ಆಸ್ಪತ್ರೆಯ ಆ ಚೀಟಿ ಮುಖ್ಯ. ತುರ್ತು ಚಿಕಿತ್ಸೆಗೆ ಅದು ಬೇಡ. ಅಲ್ಲಿ ಆರೋಗ್ಯ ಮಿತ್ರರನ್ನು ವಿಚಾರಿಸಿ. ರೇಷನ್ ಕಾರ್ಡ್, ಆಧಾರ್ ಒಂದೇ ಕಡೆ ಇಟ್ಟಿರಿ. ಮಧ್ಯರಾತ್ರಿ ಹುಡುಕುವ ಹಾಗೆ ಆಗಬಾರದು.

ಆ ಯುವಕನ ಉಮ್ಮ ಐದು ದಿನದಲ್ಲಿ ಚೇತರಿಸಿಕೊಂಡರು. ಡಾಕ್ಟರು ಡಿಸ್ಚಾರ್ಜ್ ಬರೆದ ದಿನ ಝುಹರ್‌ಗೆ ಮೊದಲೇ ಮಹಲ್ಲಿನ ಹುಡುಗರು ಗಾಡಿ ತಂದು ನಿಲ್ಲಿಸಿದ್ದರು. ಅವರು ಬಿಟ್ಟ ಹಾಸಿಗೆಗೆ ಯಾರು ಬಂದರೋ ನಮಗೆ ಗೊತ್ತಿಲ್ಲ. ಯಾವ ಜಾತಿ, ಯಾವ ಊರು ಎಂದು ಗೊತ್ತಾಗಬೇಕಾಗಿಯೂ ಇಲ್ಲ. ಯಾರದ್ದೋ ತಾಯಿ ಇರಬೇಕು.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಆಮೀನ್.