ಜಪಸರದ ಹಾಸುಹೊಕ್ಕು

ಜಮಖಂಡಿಯ ನೆರೆಯ ರಬಕವಿ-ಬನಹಟ್ಟಿಗಳು ನೇಕಾರಿಕೆಗೆ ಹೆಸರಾದ ಅವಳಿ ಪಟ್ಟಣಗಳು. ಅಲ್ಲಿಯ ಓಣಿಗಳನ್ನು ಹೊಕ್ಕವರಿಗೆ ಮಗ್ಗ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕಿವಿಗೆ ಬೀಳುತ್ತದೆ. ಕೈಮಗ್ಗದ ಮುಂದೆ ಕುಳಿತ ನೇಕಾರನ ಕಾಲು ತುಳಿಯುತ್ತಿರುತ್ತದೆ. ಲಾಳಿಯು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿರುತ್ತದೆ. ನೋಡುವವನಿಗೆ ಅದು ಮಾಡಿದ್ದನ್ನೇ ಮಾಡುವ ಬೇಸರದ ಕೆಲಸ. ಆದರೆ ನೇಕಾರನ ಕಣ್ಣು ಲಾಳಿಯ ಮೇಲಿಲ್ಲ, ಬೆಳೆಯುತ್ತಿರುವ ಬಟ್ಟೆಯ ಮೇಲಿದೆ. ಹಾಸು ಮೊದಲೇ ಬಿಗಿದು ನಿಂತಿದೆ. ಹೊಕ್ಕು ಹಾಯ್ದಂತೆಲ್ಲ ಸೀರೆಯು ಗೇಣುಗೇಣಾಗಿ ಮೈದಳೆಯುತ್ತದೆ.

ಕಥೋಲಿಕ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಹೊತ್ತು ನಡೆಯುವ ಜಪಸರ ಪ್ರಾರ್ಥನೆಯ ಮರ್ಮವನ್ನು ಅರಿಯಲು ಈ ಮಗ್ಗಕ್ಕಿಂತ ಒಳ್ಳೆಯ ಉಪಮಾನವು ದೊರೆಯಲಾರದು. ಜಮಖಂಡಿ-ಮುಧೋಳಗಳ ಸೀಮೆಯಲ್ಲಿ ಕಥೋಲಿಕರ ಮನೆಗಳು ವಿರಳ. ಆದರೆ ಕೃಷ್ಣಾ-ತುಂಗಭದ್ರೆಯರ ನಡುವಣ ಮುದಗಲ್ಲಿನಲ್ಲಿ ಆದಿಲಶಾಹಿ ಅರಸರ ಕಾಲದಿಂದಲೂ ಆ ಮತದವರ ನೆಲೆಯುಂಟು. ಕನ್ನಡ ನಾಡಿಗೆ ಈ ಪ್ರಾರ್ಥನೆಯ ದನಿ ಹೊಸದಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು (1962-65) ದೇಶಭಾಷೆಗಳಿಗೆ ಅವಕಾಶವೀಯುವ ಮುನ್ನ ಚರ್ಚಿನ ಬಲಿಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಆಗಲೂ ಮನೆಯೊಳಗಿನ ಜಪಸರ ಮಾತ್ರ ಮನೆಮಾತಿನಲ್ಲಿಯೇ, ಕೆಲವೆಡೆ ಕನ್ನಡದಲ್ಲಿ, ಕೆಲವೆಡೆ ಕೊಂಕಣಿಯಲ್ಲಿ ಸಾಗಿಬಂದಿತು. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರೂ ಒಂದೇ ಕೊರಳಾಗುವ ಪ್ರಾರ್ಥನೆ ಅದು.

ಐವತ್ತೊಂಬತ್ತು ಮಣಿಗಳು

ಜಪಸರದಲ್ಲಿ 59 ಮಣಿಗಳು. ಅವುಗಳಲ್ಲಿ 53 ಮಣಿಗಳಿಗೆ ಮಾತೆ ಮರಿಯಳನ್ನು ಕುರಿತ ‘ನಮೋ ಮರಿಯಾ’. ಉಳಿದ 6 ಮಣಿಗಳಿಗೆ ಯೇಸುಸ್ವಾಮಿಯು ಶಿಷ್ಯರಿಗೆ ಕಲಿಸಿದ ಪರಲೋಕ ಜಪ. ಹತ್ತು ಹತ್ತು ಮಣಿಗಳ ಐದು ಗುಂಪುಗಳಿದ್ದು, ಒಂದೊಂದು ಗುಂಪಿಗೂ ಒಂದೊಂದು ‘ದೇವರಹಸ್ಯ’ವಿದೆ. ರಹಸ್ಯವೆಂದರೆ ಇಲ್ಲಿ ಮುಚ್ಚಿಟ್ಟ ಸಂಗತಿಯಲ್ಲ. ಯೇಸುವಿನ ಮತ್ತು ಆತನ ತಾಯಿಯ ಬಾಳಿನಲ್ಲಿ ನಡೆದು, ಧ್ಯಾನಿಸಿದಷ್ಟೂ ಹೊಸ ಅರ್ಥವನ್ನು ಕೊಡುವ ಘಟನೆ.

ಇದರ ಇತಿಹಾಸವೂ ಸ್ವಾರಸ್ಯಕರವಾದುದು. ಮಠಗಳ ಸಂನ್ಯಾಸಿಗಳು ಪವಿತ್ರ ಗ್ರಂಥದ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದುಬಾರದ ಜನರು ಅದಕ್ಕೆ ಬದಲಾಗಿ 150 ಸಣ್ಣ ಪ್ರಾರ್ಥನೆಗಳನ್ನು ಮಣಿಗಳ ಮೇಲೆ ಎಣಿಸಿದರು. 15ನೆಯ ಶತಮಾನದ ಆದಿಯಲ್ಲಿ ಪ್ರಷ್ಯದ ಡೊಮಿನಿಕ್ ಎಂಬ ಸಂನ್ಯಾಸಿಯು ಒಂದೊಂದು ‘ನಮೋ ಮರಿಯಾ’ಕ್ಕೂ ಯೇಸುವಿನ ಬಾಳಿನ ಒಂದೊಂದು ಸಂಗತಿಯನ್ನು ಜೋಡಿಸಿದನು. 1569ರಲ್ಲಿ ಪೋಪ್ ಐದನೆಯ ಪಯಸ್ ಈ ಭಕ್ತಿಗೆ ಅಧಿಕೃತ ಮನ್ನಣೆಯಿತ್ತರು. ಹರ್ಷ, ದುಃಖ, ಮಹಿಮೆಗಳೆಂಬ ಮೂರು ವರ್ಗಗಳಲ್ಲಿದ್ದ 15 ರಹಸ್ಯಗಳಿಗೆ 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ರಹಸ್ಯಗಳು ಐದನ್ನು ಕೂಡಿಸಿದರು.

ಎಣಿಕೆಯ ಅಪಾಯ

ಇಲ್ಲಿ ಒಂದು ಪ್ರಶ್ನೆಯೇಳುವುದು ಸಹಜ. ಬರಿಯ ಮಾತುಗಳನ್ನು ಬೆಳೆಸಿದರೆ ದೇವರು ಕೇಳುವನೆಂಬ ಭ್ರಮೆ ಬೇಡವೆಂದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಎಚ್ಚರಿಸಿದ್ದಾನೆ. ಮನಸ್ಸಿಲ್ಲದ ಜಪವನ್ನು ನಮ್ಮ ಶರಣರೂ ಒಪ್ಪಲಿಲ್ಲ. ಹೀಗಿರುವಾಗ ಒಂದೇ ಮಾತನ್ನು 53 ಸಾರಿ ಹೇಳುವುದರಿಂದ ಫಲವೇನು? ಕೈಯಲ್ಲಿ ಮಣಿ ಉರುಳುತ್ತಿರುವಾಗ ಮಗು ತೂಕಡಿಸುವುದು, ತಾಯಿಯ ಮನಸ್ಸು ಒಲೆಯ ಮೇಲಿನ ಹಾಲಿನತ್ತ ಓಡುವುದು, ತಂದೆಯು ಕಚೇರಿಯ ಲೆಕ್ಕವನ್ನು ನೆನೆಯುವುದು ಯಾವ ಮನೆಗೆ ಹೊಸತು?

ಉತ್ತರವು ಮಗ್ಗದಲ್ಲಿಯೇ ಇದೆ. ಹಾಸು ಇಲ್ಲದ ಮಗ್ಗದಲ್ಲಿ ಲಾಳಿ ದಿನವಿಡೀ ಓಡಿದರೂ ಅಂಗೈಯಗಲದ ಬಟ್ಟೆ ಹುಟ್ಟದು. ಜಪವು ಹೊಕ್ಕು, ಶುಭಸಂದೇಶದ ಘಟನೆಯೇ ಹಾಸು. ಧ್ಯಾನವಿಲ್ಲದ ಜಪಸರವು ಆತ್ಮವಿಲ್ಲದ ದೇಹದಂತೆ ಎಂಬ ಅಭಿಪ್ರಾಯವನ್ನೇ 1974ರಲ್ಲಿ ಪೋಪ್ ಆರನೆಯ ಪೌಲ್ ತಮ್ಮ ಪತ್ರದಲ್ಲಿ ವ್ಯಕ್ತಪಡಿಸಿದರು. ನಾಲಗೆಗೂ ಬೆರಳಿಗೂ ಪರಿಚಿತವಾದ ಕೆಲಸವೊಂದನ್ನು ಒಪ್ಪಿಸಿದಾಗ ಮನಸ್ಸು ಒಂದು ಚಿತ್ರದ ಮುಂದೆ ನಿಲ್ಲುವಷ್ಟು ಬಿಡುವನ್ನು ಪಡೆಯುತ್ತದೆ. ಯೇಸುಸಭೆಯ ಸ್ಥಾಪಕನಾದ ಸಂತ ಇಗ್ನೇಷಿಯಸನು, ಘಟನೆ ನಡೆದ ಸ್ಥಳವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಐದು ಇಂದ್ರಿಯಗಳಿಂದಲೂ ಅದನ್ನು ಅನುಭವಿಸುವ ಕ್ರಮವನ್ನು ಬೋಧಿಸಿದನು. ಹಾಗೆ ನಿಂತು ನೋಡಿದವರಿಗೆ ಶುಭಸಂದೇಶದ ಸಾಮಾನ್ಯ ವಸ್ತುಗಳೇ ಸಂಕೇತಗಳಾಗಿ ತೆರೆದುಕೊಳ್ಳುತ್ತವೆ.

ಒಂದು ಬಟ್ಟೆಯ ಎಳೆ ಹಿಡಿದು

ನೇಕಾರರ ನಾಡಿನವರಾದ ನಾವು ಬಟ್ಟೆಯೊಂದನ್ನೇ ಹಿಡಿದು ನೋಡೋಣ. ಹರ್ಷದ ಮೂರನೆಯ ರಹಸ್ಯವು ಯೇಸುವಿನ ಜನನ. ಬೆತ್ಲೆಹೇಮಿನಲ್ಲಿ ತಾಯಿಯು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳೆಂದು ಲೂಕನು ಬರೆಯುತ್ತಾನೆ. ಕುರಿ ಕಾಯುವವರಿಗೆ ದೇವದೂತನು ಕೊಟ್ಟ ಗುರುತೂ ಅದೇ: ಬಟ್ಟೆ ಸುತ್ತಿದ ಒಂದು ಕೂಸು. ಕಿರೀಟವಲ್ಲ, ಸಿಂಹಾಸನವಲ್ಲ, ಯಾವ ಬಡವಿಯ ಮನೆಯಲ್ಲಿಯೂ ಇರಬಹುದಾದ ಬಟ್ಟೆ.

ಬೆಳಕಿನ ನಾಲ್ಕನೆಯ ರಹಸ್ಯದಲ್ಲಿ ಬೆಟ್ಟದ ಮೇಲೆ ಆತನ ಉಡುಪು ಬೆಳಗುತ್ತದೆ. ಆ ಬಿಳುಪನ್ನು ಹೇಳಲು ಮಾರ್ಕನು ಲೋಕದ ಯಾವ ಅಗಸನಿಗೂ ಸಾಧ್ಯವಾಗದಷ್ಟು ಬಿಳುಪೆಂದು ದಿನನಿತ್ಯದ ಕಸುಬಿನ ಅಳತೆಯನ್ನೇ ಬಳಸುತ್ತಾನೆ. ದುಃಖದ ಮೂರನೆಯ ರಹಸ್ಯದಲ್ಲಿ ಸೈನಿಕರು ರಾಜರು ತೊಡುವ ಬಣ್ಣದ ವಸ್ತ್ರವನ್ನು ಆತನಿಗೆ ಹೊದಿಸಿ, ಮುಳ್ಳಿನ ಕಿರೀಟವನ್ನು ತೊಡಿಸಿ ಹಾಸ್ಯಮಾಡುತ್ತಾರೆ. ಗೌರವದ ಬಟ್ಟೆಯೇ ಅವಮಾನದ ಸಾಧನವಾಗುತ್ತದೆ.

ಐದನೆಯ ದುಃಖದ ರಹಸ್ಯವು ಶಿಲುಬೆಯ ಮರಣ. ಸೈನಿಕರು ಆತನ ಬಟ್ಟೆಗಳನ್ನು ನಾಲ್ಕು ಪಾಲು ಮಾಡಿದರು; ಒಳಂಗಿಯನ್ನು ಮಾತ್ರ ಹರಿಯದೆ ಚೀಟಿ ಹಾಕಿದರು. ಅದು ಹೊಲಿಗೆಯಿಲ್ಲದೆ ಮೇಲಿನಿಂದ ಇಡಿಯಾಗಿ ನೇಯ್ದುದಾಗಿತ್ತೆಂದು ಯೊವಾನ್ನನು ಮರೆಯದೆ ಹೇಳುತ್ತಾನೆ. ಹೊಲಿಗೆ ಕಾಣದ ವಸ್ತ್ರವನ್ನುಟ್ಟು ಪೂಜೆಗೆ ಕೂಡುವ ನಮ್ಮ ಮನೆಗಳಿಗೆ ಇದರ ಧ್ವನಿ ಬೇಗ ತಿಳಿಯುತ್ತದೆ. ಯೆಹೂದ್ಯರ ಮಹಾಯಾಜಕನ ನಿಲುವಂಗಿಯೂ ಒಂದೇ ನೇಯ್ಗೆಯದಾಗಿತ್ತೆಂದು ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆದುದರಿಂದ ಶಿಲುಬೆಯ ಮೇಲಿರುವಾತನೇ ಯಾಜಕನೆಂಬ ಅರ್ಥವನ್ನು ಹಲವರು ಇಲ್ಲಿ ಕಂಡರು. 3ನೆಯ ಶತಮಾನದ ಸಂತ ಸಿಪ್ರಿಯನನು ಆ ಅಂಗಿಯಲ್ಲಿ ಒಡೆಯಬಾರದ ಧರ್ಮಸಭೆಯ ಐಕ್ಯವನ್ನು ಕಂಡನು. ಅದೇ ಗಳಿಗೆಯಲ್ಲಿ ದೇವಾಲಯದ ತೆರೆಯು ಮೇಲಿನಿಂದ ಕೆಳಗಿನವರೆಗೆ ಹರಿದುದನ್ನು ಮಾರ್ಕನು ಹೇಳುತ್ತಾನೆ. ‘ಮೇಲಿನಿಂದ’ ಎಂಬುದಕ್ಕೆ ಎರಡು ಕಡೆಯೂ ಒಂದೇ ಗ್ರೀಕ್ ಪದ. ಮನುಷ್ಯರನ್ನು ದೇವರಿಂದ ಮರೆಮಾಡಿದ ತೆರೆ ಹರಿಯಿತು. ಮನುಷ್ಯರನ್ನು ಒಂದುಗೂಡಿಸುವ ಅಂಗಿ ಹರಿಯಲಿಲ್ಲ.

ಮಹಿಮೆಯ ಮೊದಲ ರಹಸ್ಯವಾದ ಪುನರುತ್ಥಾನದಲ್ಲಿ ಸಮಾಧಿಯೊಳಗೆ ಉಳಿದದ್ದು ಬಟ್ಟೆ ಮಾತ್ರ. ತಲೆಗೆ ಸುತ್ತಿದ್ದ ವಸ್ತ್ರವು ಸುರುಳಿಯಾಗಿ ಬೇರೆಯೇ ಇದ್ದಿತು. ಹಿಂದೆ ಸಮಾಧಿಯಿಂದ ಎದ್ದು ಬಂದ ಲಾಜರನ ಕೈಕಾಲುಗಳಿಗೆ ಬಟ್ಟೆ ಸುತ್ತಿಕೊಂಡೇ ಇತ್ತು, ಅದನ್ನು ಬೇರೆಯವರು ಬಿಚ್ಚಬೇಕಾಯಿತು. ಇಲ್ಲಿ ಬಿಚ್ಚುವವರು ಬೇಕಾಗಲಿಲ್ಲ. ಸಾವಿನ ಉಡುಪನ್ನು ಸಾವಿನ ಮನೆಯಲ್ಲಿಯೇ ಬಿಟ್ಟು ಆತನು ಹೊರಟುಹೋಗಿದ್ದನು.

ಶೋಕದ ಮನೆಯಲ್ಲಿ

ಇಂಥ ಧ್ಯಾನವು ಕೇವಲ ಪಂಡಿತರ ವಿನೋದವಲ್ಲ. ಕಥೋಲಿಕರ ಮನೆಯಲ್ಲಿ ಸಾವು ಸಂಭವಿಸಿದಾಗ ಬಂಧುಗಳು ನೆರೆದು ಜಪಸರವನ್ನು ಹೇಳುವುದು ವಾಡಿಕೆ. ಎಷ್ಟೋ ಕಡೆ ಸತ್ತವರ ಕೈಬೆರಳುಗಳಿಗೂ ಜಪಸರವನ್ನು ಸುತ್ತುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಗೆ ಆ ರಾತ್ರಿ ಸ್ವಂತ ಮಾತುಗಳು ಹೊರಡುವುದಿಲ್ಲ. ತತ್ತ್ವವನ್ನು ಹೇಳಿದರೆ ಕಿವಿಗೆ ಇಳಿಯುವುದಿಲ್ಲ. ಬಾಲ್ಯದಿಂದ ಬಾಯಿಗೆ ಬಂದ ಪ್ರಾರ್ಥನೆಯು ಮಾತ್ರ ತಾನಾಗಿ ಹೊರಡುತ್ತದೆ. ಆಗ ಆಕೆಯ ಎದುರಿಗೆ ನಿಲ್ಲುವವಳು ಇನ್ನೊಬ್ಬ ತಾಯಿ. ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿದವಳೂ ಅವಳೇ, ಶಿಲುಬೆಯ ಬಳಿ ನಿಂತು ಆ ಮಗನ ಸಾವನ್ನು ಕಂಡವಳೂ ಅವಳೇ.

ಆ ಗಳಿಗೆಯ ಸಲುವಾಗಿಯೇ ಉಳಿದೆಲ್ಲ ಸಂಜೆಗಳ ಅಭ್ಯಾಸವೆಂದರೆ ತಪ್ಪಾಗಲಾರದು. ನಿತ್ಯದ ಸಂಜೆ, ತೂಕಡಿಕೆಯ ನಡುವೆಯೂ, ಮನಸ್ಸು ಓಡಿಹೋಗಿ ಮತ್ತೆ ಮರಳಿದಾಗಲೂ, ಒಂದೊಂದು ಎಳೆ ಸೇರುತ್ತಲೇ ಇರುತ್ತದೆ. ನೇಯುವಾಗ ಬಟ್ಟೆಯ ಬೆಲೆ ಅಷ್ಟಾಗಿ ತೋರದು; ಚಳಿ ಹತ್ತಿದ ದಿನ ಅದನ್ನು ಹೊದೆಯುವವರಿಗೆ ಅದು ತಿಳಿಯುತ್ತದೆ.